ಕೈ ಮುರಿದ ಮೇರಿಮಾತೆ

ನಮ್ಮ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಮುಂಬಯಿಯಲ್ಲಿ ಹಳೆಯ ಸಾಮಾನು ಕೊಂಡು ಮಾರುವ ಸೇಠರೊಬ್ಬರ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಒಮ್ಮೆ ಮಲಾಡಿನ ಕ್ರೈಸ್ತರ ಮನೆಯೊಂದರಿಂದ ಮೇರಿಮಾತೆಯ ಮೂರ್ತಿ ತರಲು ಕಳಿಸಿದರು. ಮನೆಯ ಯಜಮಾನರು ಮಾರಲು ಒಪ್ಪಿದ್ದರಂತೆ.

ಕಟ್ಟಿಗೆಯಲ್ಲಿ ಕೆತ್ತಿ, ಮೈತುಂಬ ಚಿನ್ನದ ರೇಕು ಹಚ್ಚಿದ ಬಹಳ ಹಳೆಯ ಮೂರ್ತಿ. ಚಿನ್ನ ಅಲ್ಲಲ್ಲಿ ಸವೆದಿತ್ತು, ಬಲಗೈ ಮುರಿದುಹೋಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದೇ ಹತ್ತಿರ ಹೋದೆ. ತಾಯಿ ಯಾರ ಮನೆಯಲ್ಲಿದ್ದರೂ ತಾಯಿಯೇ. ಆದರೆ ಯಜಮಾನರ ಹೆಂಡತಿ, ಆ ಮನೆಯ ಅಜ್ಜಿ, ಮೂರ್ತಿಯನ್ನು ತಬ್ಬಿಕೊಂಡು ಬಿಡಲೊಲ್ಲರು, ಕಣ್ಣಲ್ಲಿ ನೀರು.

ಅದನ್ನು ನೋಡಲಾಗದೆ, ನನಗೆ ತಿಳಿದ ಸಮಾಧಾನ ಹೇಳಿದೆ: "ಆಜಿ, ನಮ್ಮಲ್ಲಿ ಭಿನ್ನವಾದ ಮೂರ್ತಿಗೆ ಪೂಜೆ ಮಾಡುವುದಿಲ್ಲ. ಹೊಳೆಗೆ ಬಿಟ್ಟು ಹೊಸದನ್ನು ತರುತ್ತೇವೆ. ನೀವೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಅಜ್ಜಿ ಕಣ್ಣೊರೆಸಿಕೊಂಡು ಮರಾಠಿಯಲ್ಲಿ ಕೇಳಿದರು, "ಹೌದೇನಪ್ಪಾ? ಹಾಗಾದರೆ ಇವರನ್ನೂ ಹೊಳೆಗೆ ಬಿಟ್ಟು ಹೊಸಬರನ್ನು ತರಲೇನು?"

ಅವರು ಬೆರಳು ತೋರಿದತ್ತ ನೋಡಿದೆ. ಕುರ್ಚಿಯಲ್ಲಿದ್ದ ಯಜಮಾನರ ಅಂಗಿಯ ಬಲತೋಳು ಖಾಲಿಯಾಗಿ ಜೋತುಬಿದ್ದಿತ್ತು. ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ಕೈ ಹೋಗಿತ್ತಂತೆ.

ಯಜಮಾನರು ಗೊಳ್ಳೆಂದು ನಕ್ಕರು.

"ನೀನು ಹೋಗಿಬಿಡು ಭಾವೂ. ಇವತ್ತು ಈ ತಾಯಿಯನ್ನು ಕಳಿಸಿದರೆ ನಾಳೆ ನನ್ನ ಸರದಿ!"

ಮೂರ್ತಿಯಿಲ್ಲದೆ ಮರಳಿದ್ದಕ್ಕೆ ಸೇಠರು ಸಿಡಿಮಿಡಿಗೊಂಡರು. "ಯಾಕೆ, ಸಾಮಾನು ಹಳೆಯದಲ್ಲವೇನು?" ಎಂದರು.

"ಹಳೆಯದೇ ಸೇಠಜೀ. ಆದರೆ ಆ ಮನೆಯಲ್ಲಿ ಇನ್ನೂ ಬಳಕೆಯಲ್ಲಿದೆ" ಎಂದೆ.