ಗ್ಯಾಡಿಯನ್ನು ಕೊಡಬೇಕೋ ಬೇಡವೋ

ಮಂಗಳವಾರ, ಗುರುವಾರ, ಶನಿವಾರ, ಬೆಳಕು ಹರಿಯುವ ಮುಂಚೆಯೇ ವರ್ಲೀನ್ ಸ್ಟ್ರೌಡ್ ಮನೆಯ ಮುಂದೆ ವ್ಯಾನು ಬಂದು ನಿಲ್ಲುತ್ತಿತ್ತು. ಇಂಡಿಯಾನಾ ರಾಜ್ಯದ ಆಂಡರ್ಸನ್ ಊರಿನ ಶಾಲಾ ಬಸ್ಸನ್ನು ಮೂವತ್ತು ವರ್ಷ ಓಡಿಸಿದ ಹೆಂಗಸು ಅವಳು. ಈಗ ಯಾರೋ ಓಡಿಸುವ ವ್ಯಾನಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಕೂರುತ್ತಿದ್ದಳು. ಹಿಮ ಬಿದ್ದ ತಿರುವುಗಳಲ್ಲಿ ಡ್ರೈವರು ತಡವಾಗಿ ಬ್ರೇಕು ಹಾಕಿದಾಗಲೆಲ್ಲ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

ಸಕ್ಕರೆ ಕಾಯಿಲೆ ಅವಳ ಎರಡೂ ಮೂತ್ರಪಿಂಡಗಳನ್ನು ತಿಂದು ಹಾಕಿ ಇದು ನಾಲ್ಕನೆಯ ಚಳಿಗಾಲ. ಡಯಾಲಿಸಿಸ್ ಕೇಂದ್ರ ಒಂದು ಕಾಲಕ್ಕೆ ಕಾರ್ಪೆಟ್ ಮಾರುವ ಅಂಗಡಿಯಾಗಿದ್ದ ಕಟ್ಟಡದಲ್ಲಿತ್ತು. ಒಳಗೆ ಒರಗು ಕುರ್ಚಿಗಳ ಸಾಲು, ಒಂದೊಂದು ಕುರ್ಚಿಯ ಪಕ್ಕಕ್ಕೂ ಒಂದೊಂದು ಯಂತ್ರ. ತೂಕ ನೋಡಿಸಿಕೊಂಡು, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು ಒರಗಿದರೆ, ಒಂದು ಕೊಳವೆಯಲ್ಲಿ ರಕ್ತ ಹೊರಗೆ, ಇನ್ನೊಂದರಲ್ಲಿ ಒಳಗೆ. ನಾಲ್ಕು ಗಂಟೆ ಕದಲುವಂತಿಲ್ಲ. ಎಷ್ಟು ಹೊದ್ದರೂ ಮೈ ಕೊರೆಯುತ್ತದೆ. ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪಬೇಕು, ಅಷ್ಟೇ.

ವರ್ಲೀನ್‌ಗೆ ಸಿಕ್ಕ ಕುರ್ಚಿಯ ಎಡಕ್ಕೆ ಕ್ಯಾಸಿಮಿರ್ ಜರೋಶ್ ಇದ್ದ. ಎಲ್ಲರ ಬಾಯಲ್ಲೂ ಅವನು ಕ್ಯಾಜ್. ಕಾರಿನ ದೀಪ ಮಾಡುವ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ಅಚ್ಚು ಕೊರೆದವನು, ಹೆಂಡತಿ ತೀರಿಕೊಂಡವನು, ಒರಟು ಮಾತಿನವನು. ಬಲಕ್ಕೆ ಪೆಟಿಸ್ ಪಾದ್ರಿ. ಅವರು ಅರ್ಧ ಹೊತ್ತು ನಿದ್ದೆ ಹೋಗುತ್ತಿದ್ದರು, ಎಚ್ಚರವಾದಾಗ ಮಾತು ಎಲ್ಲಿಗೆ ಬಂದಿದ್ದರೂ ಅಲ್ಲಿಂದಲೇ ಹಿಡಿದುಕೊಳ್ಳುತ್ತಿದ್ದರು. ಮೂವರೂ ಒಂದೇ ಊರಿನಲ್ಲಿ ಅರವತ್ತು ವರ್ಷ ಬದುಕಿದವರು, ಈ ಕುರ್ಚಿಗಳಿಗೆ ಬರುವವರೆಗೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಇಂಡಿಯಾನಾದಲ್ಲಿ ಹುಟ್ಟಿದವರಿಗೆ ಪರಿಚಯ ಬೆಳೆಸಲು ಬ್ಯಾಸ್ಕೆಟ್‌ಬಾಲ್ ಒಂದಿದ್ದರೆ ಸಾಕು. ಅವರಿಗೂ ಅದೇ ಆಯಿತು.

ಆ ವರ್ಷ ರಾಜ್ಯದ ವೃತ್ತಿಪರ ತಂಡದ ಮೊದಲ ಐವರು ಚೆನ್ನಾಗಿಯೇ ಆಡುತ್ತಿದ್ದರು. ಅವರು ದಣಿದು ಕೂತು, ಬೆಂಚಿನವರು ಅಂಕಣಕ್ಕೆ ಇಳಿದರೆ ಮಾತ್ರ ಕಷ್ಟಪಟ್ಟು ಗಳಿಸಿದ ಮುನ್ನಡೆ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತಿತ್ತು. ಫೆಬ್ರವರಿಯ ಗಡುವಿನೊಳಗೆ ಬೇರೆ ತಂಡಗಳೊಡನೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಯಾರನ್ನು ಕೊಡಬೇಕು, ಯಾರನ್ನು ತರಬೇಕು ಎಂದು ರಾಜ್ಯವೆಲ್ಲ ಜಗಳವಾಡುತ್ತಿತ್ತು. ಈ ಮೂವರೂ ಜಗಳವಾಡುತ್ತಿದ್ದರು.

"ಗ್ಯಾಡೀನ ಕೊಟ್ಬಿಡ್ಬೇಕು," ಎಂದ ಕ್ಯಾಜ್, ಸೂಜಿ ಚುಚ್ಚಿಸಿಕೊಳ್ಳುತ್ತಲೇ. ಲೂಥರ್ ಗ್ಯಾಡಿ ಬೆಂಚಿನ ಹಿರಿಯ, ಏಳಡಿ ಎತ್ತರದವನು. "ಜೊತೆಗೆ ಮುಂದಿನ ವರ್ಷ ಹೊಸ ಹುಡುಗನ್ನ ಆರಿಸ್ಕೊಳ್ಳೋ ನಮ್ಮ ಸರದೀನೂ ಕೊಟ್ಟು, ಪಶ್ಚಿಮದ ಕಡೆಯಿಂದ ಆ ಪ್ರೂಯಿಟ್‌ನ ತರಿಸ್ಕೋಬೇಕು. ದೂರದಿಂದ ಬುಟ್ಟಿಗೆ ಹಾಕೋನು ಒಬ್ನಾದ್ರೂ ಇದಾನಾ ನಮ್ಮ ಬೆಂಚಲ್ಲಿ?"

"ಗ್ಯಾಡಿ ಹೋದ್ಮೇಲೆ ಬುಟ್ಟಿ ಕೆಳಗೆ ನಿಲ್ಲೋನು ಯಾರು, ನೀನಾ?"

"ಅವನಿಗೆ ಮೂವತ್ತೇಳು ವರ್ಷ ಕಣಮ್ಮ. ಅವನು ಈ ಕಡೆಯಿಂದ ಆ ಕಡೆಗೆ ಓಡಿ ಮುಟ್ಟೋಷ್ಟರಲ್ಲಿ ನನ್ನ ರಕ್ತವೆಲ್ಲ ಒಂದು ಸುತ್ತು ತೊಳೆದು ಬಂದಿರುತ್ತೆ."

ಪಾದ್ರಿ ಕಣ್ಣು ತೆರೆಯದೆಯೇ ನಕ್ಕರು. ಯಂತ್ರಗಳನ್ನು ನೋಡಿಕೊಳ್ಳುವ ಮಾರಿಸೆಲ್, "ನಗಬೇಡಿ ಪಾದ್ರಿಗಳೇ, ಕೈ ಅಲ್ಲಾಡುತ್ತೆ," ಎಂದು ಗದರಿದಳು.

"ಓಡೋದು ಅವನ ಕೆಲಸ ಅಲ್ಲ ಕಣಯ್ಯ," ವರ್ಲೀನ್ ಬಿಡಲಿಲ್ಲ. "ಆ ಎಳೇ ಹುಡುಗರು ಗಾಬರಿಬಿದ್ದಾಗ 'ನೀನಿಲ್ಲಿ ನಿಲ್ಲು, ನೀನಲ್ಲಿಗೆ ಹೋಗು' ಅಂತ ಹೇಳೋನು ಅವನೊಬ್ಬನೇ. ಅವನನ್ನೂ ಕಳಿಸ್ಬಿಟ್ರೆ ಬೆಂಚಲ್ಲಿ ಇರೋದು ಬರೀ ಟವೆಲ್ಲುಗಳು."

ಬೆಂಚಿನ ಬಗ್ಗೆ ಅವಳಿಗೆ ಗೊತ್ತಿತ್ತು. ಅವಳ ಶಾಲೆಯಲ್ಲಿ ಹುಡುಗಿಯರಿಗೂ ತಂಡ ಕಟ್ಟಿದ ಮೊದಲ ವರ್ಷ, ಹುಡುಗರ ಹಳೆಯ ಅಂಗಿಗಳನ್ನು ಮೊಟಕು ಮಾಡಿ ಹೊಲಿದು ಕೊಟ್ಟಿದ್ದ ಕಾಲದಲ್ಲಿ, ಅವಳು ಆ ತಂಡದಲ್ಲಿದ್ದಳು. ಇಡೀ ಚಳಿಗಾಲ ಬೆಂಚಿನಲ್ಲಿ ಕೂತಳು. ತಂಡ ಸೋಲುವುದು ಖಚಿತವಾದ ಮೇಲೆ ಕೋಚು ಅವಳತ್ತ ಬೆರಳು ಮಾಡುತ್ತಿದ್ದ. ತಣ್ಣಗಾದ ಮಂಡಿಗಳಲ್ಲಿ ಎದ್ದು ಹೋಗಿ, ಎರಡು ಸಲ ಚೆಂಡು ಮುಟ್ಟಿ ಬರುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಆಮೇಲೆ ಮದುವೆ, ಹಾರ್ಲನ್ ಸ್ಟ್ರೌಡ್ ಎಂಬ ಗಂಡ. ಕಾರ್ಖಾನೆ ಮುಚ್ಚಿದಾಗ ಕೆಲಸ ಹುಡುಕಿ ಟೆನೆಸಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವಳು ಬಸ್ಸು ಓಡಿಸಿದಳು. ಎರಡು ತಲೆಮಾರಿನ ಮಕ್ಕಳನ್ನು ಶಾಲೆಗೆ ಮುಟ್ಟಿಸಿದಳು. ಈಗ ತಂಗಿ ಅರ್ನೆಸ್ಟೀನ್ ಜೊತೆಗಿದ್ದಾಳೆ. ಅವಳು ಉಪ್ಪಿಲ್ಲದ ಸಾರು ಮಾಡಿ ಬಡಿಸಿ, ತಾನು ಮಾತ್ರ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಗ್ಯಾರೇಜಿನಲ್ಲಿ ನಿಂತು, ಅಕ್ಕನಿಗೆ ವಾಸನೆ ಬರದಂತೆ, ತಿನ್ನುತ್ತಾಳೆ. ವಾಸನೆ ಬಂದೇ ಬರುತ್ತದೆ.

ಜನವರಿ ಮುಗಿಯುವ ಹೊತ್ತಿಗೆ ಅವಳಿಗೆ ಸುಸ್ತು ಹೆಚ್ಚಾಯಿತು. ನಿದ್ದೆ ಮಾಡಿದರೂ ಹೋಗದ ಸುಸ್ತು. ಕೇಂದ್ರದಿಂದ ಬಂದ ದಿನ ಮಂಚ ಬಿಟ್ಟೇಳಲು ಆಗುತ್ತಿರಲಿಲ್ಲ. ಮಾರನೆಯ ದಿನ ಸ್ವಲ್ಪ ಚೇತರಿಸಿಕೊಂಡರೆ ಅದರ ಮಾರನೆಯ ದಿನ ಮತ್ತೆ ವ್ಯಾನು. ಒಂದು ಗುರುವಾರ ವ್ಯಾನಿನ ಹಾರ್ನ್ ಕೇಳಿಸಿತು. ಅವಳು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು.

"ಅಕ್ಕಾ, ವ್ಯಾನು ಬಂದಿದೆ."

"ಹೋಗು ಅನ್ನು."

"ಮೈ ಹುಷಾರಿಲ್ವಾ?"

"ಹುಷಾರಿರೋದು ಅಂದ್ರೆ ಹೇಗಿರುತ್ತೆ ಅಂತ ಮರೆತುಹೋಗಿದೆ, ಅರ್ನೆಸ್ಟೀನ್. ಇವತ್ತೊಂದು ದಿನ ನನ್ನ ಪಾಡಿಗೆ ಬಿಡು."

ಡಾಕ್ಟರು ಮೊದಲೇ ಹೇಳಿದ್ದರು: ಬೇಡವೆನಿಸಿದರೆ ನಿಲ್ಲಿಸುವ ಹಕ್ಕು ನಿಮ್ಮದು, ಆದರೆ ನಿಲ್ಲಿಸಿದರೆ ಕೆಲವೇ ವಾರ. ಅವಳು ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸುತ್ತ ಮಲಗಿದ್ದಳು. ಭಯವೇನೂ ಆಗಲಿಲ್ಲ. ದೂರದ ದಾರಿಯ ಕೊನೆಯ ನಿಲ್ದಾಣದಲ್ಲಿ ಎಂಜಿನು ಆರಿಸಿದಂತೆ ಅನ್ನಿಸಿತು. ಶನಿವಾರ ಬೆಳಿಗ್ಗೆಯೂ ವ್ಯಾನು ಹತ್ತಲಿಲ್ಲ. ಅಷ್ಟರಲ್ಲಿ ಪಾದಗಳು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅರ್ನೆಸ್ಟೀನ್ ಬಾಗಿಲ ಬಳಿ ಬಂದು ನಿಂತು, ಅಡುಗೆಮನೆಗೆ ಹೋಗಿ ಅತ್ತಳು.

ಅದೇ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಕ್ಯಾಜ್. ಹಿಂದೆ ಯಂತ್ರಗಳ ಕುಯ್ಯ್ ಕುಯ್ಯ್ ಸದ್ದು ಕೇಳಿಸುತ್ತಿತ್ತು.

"ಎಲ್ಲಿದ್ದೀಯ ನೀನು?"

"ಮನೇಲಿ. ಇನ್ನೆಲ್ಲಿರ್ಲಿ?"

"ಇಲ್ಲಿ ಅನಾಹುತ ಆಗಿದೆ. ಪಾದ್ರಿಗಳು ಗ್ಯಾಡಿ ಜೊತೆ ಆ ಎಡಗೈ ಹುಡುಗ ಕೂಂಬ್ಸ್‌ನೂ ಕೊಟ್ಬಿಡೋಣ ಅಂತಿದಾರೆ."

"ಕೂಂಬ್ಸ್‌ನಾ? ಅವನಿಗೆ ಇಪ್ಪತ್ತೆರಡು ವರ್ಷ ಕಣೋ! ಅವರಿಗೇನು ತಲೆ ಕೆಟ್ಟಿದ್ಯಾ?"

"ನಾನೂ ಅದನ್ನೇ ಹೇಳ್ದೆ. ಕೇಳಲ್ಲ. ನೀನಿಲ್ದೆ ನಾನು ಒಬ್ಬನೇ ಆಗೋದೆ."

"ನೀನೇ ಅಲ್ವಾ ಗ್ಯಾಡೀನ ಕೊಡು ಅಂತ ಶುರು ಮಾಡಿದ್ದು."

"ಗ್ಯಾಡೀನ ಅಂದೆ. ಇಡೀ ಮನೇನ ಮಾರು ಅಂದ್ನಾ?"

ವರ್ಲೀನ್ ಏನೋ ಹೇಳಹೋದಳು. ಉಸಿರು ಸಾಲದೆ ಮಾತು ಅರ್ಧಕ್ಕೆ ನಿಂತಿತು. ಆ ಕಡೆ ಅವನಿಗೂ ಅದು ಕೇಳಿಸಿರಬೇಕು.

"ವರ್ಲೀನ್."

"ಹ್ಞೂಂ."

"ಬೇಸರ ಬಂದ್ಬಿಡ್ತಾ?"

"ಹೌದು ಕಣಯ್ಯ. ತುಂಬಾ."

"ನನಗೆ ಪ್ರತಿ ಮಂಗಳವಾರ ಬರುತ್ತೆ," ಎಂದ ಕ್ಯಾಜ್. "ಬೂಟು ಹಾಕ್ಕೊಳ್ಳುವಾಗ. ಒಂದು ಬೂಟು ಹಾಕಿ, ಇನ್ನೊಂದನ್ನ ಕೈಲಿ ಹಿಡ್ಕೊಂಡು ಸುಮ್ನೆ ಕೂತಿರ್ತೀನಿ." ಆಮೇಲೆ ದನಿ ತಗ್ಗಿಸಿ, "ಬಾ ಅಂತ ನಾನು ಹೇಳಲ್ಲ. ಅದು ನಿನ್ನಿಷ್ಟ. ಆದ್ರೆ ಗಡುವು ಇನ್ನೇನು ಹತ್ತಿರ ಬಂತು. ಏನಾಗುತ್ತೋ ನೋಡ್ದೇನೇ ಹೋಗ್ತೀಯಾ?"

ಅವಳು ಫೋನಿಟ್ಟಳು. ಅವನ ಮಾತಿನಲ್ಲಿ ಅಂಥದ್ದೇನೂ ಇರಲಿಲ್ಲ. ಇಷ್ಟೊಂದು ದಿನದಿಂದ ಎಲ್ಲರೂ ಹೇಗಿದ್ದೀಯ, ಉಂಡೆಯಾ, ನಿದ್ದೆ ಬಂತಾ ಎಂದೇ ಕೇಳುತ್ತಿದ್ದರು. ಕೂಂಬ್ಸ್‌ನನ್ನು ಕೊಡಬೇಕೇ ಎಂದು ಕೇಳಿದವನು ಅವನೊಬ್ಬನೇ. ಕೊಡಬಾರದು ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇಷ್ಟು ಸ್ಪಷ್ಟವಾಗಿ ಅವಳಿಗೆ ಯಾವುದೂ ಗೊತ್ತಾಗಿ ಬಹಳ ದಿನವಾಗಿತ್ತು.

ಅರ್ನೆಸ್ಟೀನ್ ಕೇಂದ್ರಕ್ಕೆ ಫೋನು ಮಾಡಿದಳು. ಮಾರಿಸೆಲ್ ಹೇಗೋ ಹೊಂದಿಸಿ ಅಂದೇ ಮಧ್ಯಾಹ್ನದ ಸರದಿಯಲ್ಲಿ ಒಂದು ಕುರ್ಚಿ ಕೊಟ್ಟಳು. ಸುತ್ತಲೂ ಅಪರಿಚಿತರು. ಮೈಯಲ್ಲಿ ತುಂಬಿದ್ದ ನೀರನ್ನು ಒಂದೇ ಸಲಕ್ಕೆ ಎಳೆಯಬೇಕಾಗಿ ಬಂದು ಕಾಲಿನ ಸ್ನಾಯುಗಳು ಹಗ್ಗದಂತೆ ಹೆಣೆದುಕೊಂಡವು. ಮಾರಿಸೆಲ್ ಮಂಡಿಯೂರಿ ಕೂತು ಅವಳ ಪಾದವನ್ನು ತನ್ನ ಎದೆಗೆ ಒತ್ತಿ ಹಿಡಿದಳು.

"ಇನ್ನೊಂದು ಸಲ ಹೀಗೆ ಮಾಡ್ಬೇಡಿ, ಮಿಸ್ ವರ್ಲೀನ್."

"ಬೈಬೇಡ ಕಣೆ. ಬೈಸ್ಕೊಳ್ಳೋಕೂ ತ್ರಾಣ ಇಲ್ಲ."

ಮಂಗಳವಾರ ತನ್ನ ಕುರ್ಚಿಗೆ ಬಂದು ಕುಳಿತಾಗ ಕ್ಯಾಜ್ ಅವಳ ಮುಖವನ್ನೂ ನೋಡಲಿಲ್ಲ. "ಪ್ರೂಯಿಟ್ ನಿನ್ನೆ ದೂರದಿಂದ ಆರು ಹಾಕಿದ," ಎಂದ.

"ನನ್ನ ತಂಗಿ ಹೇಳಿ ನೀನು ಫೋನು ಮಾಡಿದ್ದಾ?"

"ನಿನ್ನ ತಂಗಿ ಯಾರೋ ನನಗೆ ಗೊತ್ತಿಲ್ಲ. ಪಾದ್ರಿಗಳು ನಿದ್ದೆ ಹೋದ್ರು. ಮಾತಾಡೋಕೆ ಯಾರೂ ಇರ್ಲಿಲ್ಲ."

"ನಾನು ನಿದ್ದೆ ಮಾಡ್ಲಿಲ್ಲ," ಎಂದರು ಪಾದ್ರಿ. "ಪ್ರಾರ್ಥನೆ ಮಾಡ್ತಿದ್ದೆ. ಕೂಂಬ್ಸ್ ಮಾತು ವಾಪಸ್ ತಗೊಂಡಿದೀನಿ."

ಗಡುವಿನ ದಿನ ಗುರುವಾರ ಬಂತು. ಕುರ್ಚಿಯಲ್ಲಿ ಕಳೆದ ಬೆಳಗಿನ ಆ ನಾಲ್ಕು ಗಂಟೆಗಳಲ್ಲಿ ಮೂವರೂ ಒಂದು ತೀರ್ಮಾನಕ್ಕೆ ಬಂದರು. ಗ್ಯಾಡಿಯನ್ನು ಉಳಿಸಿಕೊಳ್ಳಬೇಕು, ಹೊಸ ಹುಡುಗನ ಸರದಿಯನ್ನೂ, ಬೆಂಚಿನಲ್ಲಿದ್ದ, ಚೆಂಡನ್ನು ಯಾರಿಗೂ ಕೊಡದ ಸೋಮಾರಿ ರೋಪರ್‌ನನ್ನೂ ಕೊಟ್ಟು ಪ್ರೂಯಿಟ್‌ನನ್ನು ತರಬೇಕು. ಕ್ಯಾಜ್ ಒಪ್ಪಿಕೊಂಡದ್ದು ದಣಿವಿನಿಂದಲೋ ನಿಜವಾಗಿಯೋ ಗೊತ್ತಾಗಲಿಲ್ಲ. ವರ್ಲೀನ್ ಮನೆಗೆ ಬಂದು ಹಾಸಿಗೆಗೆ ಬಿದ್ದಳು. ಸಂಜೆ ಫೋನು ಬಂದಾಗ ಅವಳಿನ್ನೂ ಕಂಬಳಿಯೊಳಗಿದ್ದಳು.

"ಏನಾಯ್ತು?"

"ಏನೂ ಇಲ್ಲ," ಎಂದ ಕ್ಯಾಜ್.

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಯಾರನ್ನೂ ಕೊಡಲಿಲ್ಲ, ಯಾರನ್ನೂ ತರಲಿಲ್ಲ. ಇರೋ ಬೆಂಚೇ ಸಾಕಂತೆ."

ವರ್ಲೀನ್‌ಗೆ ಎಲ್ಲಿಂದಲೋ ನಗು ಬಂತು, ನಗಲು ಶಕ್ತಿಯಿಲ್ಲದೆ ಅದು ಕೆಮ್ಮಾಗಿ ಮುಗಿಯಿತು. ಮರುದಿನದ ಆಟದಲ್ಲಿ ಮೊದಲ ಐವರು ಹದಿನೈದು ಅಂಕ ಮುಂದಿದ್ದರು. ಬೆಂಚಿನವರು ಬಂದು ಅದನ್ನೆಲ್ಲ ಕಳೆದರು. ಗ್ಯಾಡಿ ತನ್ನ ಕಡೆಯಿಂದ ಬುಟ್ಟಿಗೆ ಬರುತ್ತಿದ್ದ ಎರಡು ಎಸೆತ ತಡೆದ. ವರ್ಲೀನ್ ಅದನ್ನು ಶನಿವಾರ ಹತ್ತಾರು ಸಲ ಹೇಳಿದಳು.

ತಂಡ ಆ ವಸಂತದಲ್ಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಬೇಸಿಗೆಯಲ್ಲಿ ಗ್ಯಾಡಿ ಆಟ ಬಿಟ್ಟ. ಕ್ಯಾಜ್‌ನ ಮಗ ಬಂದು ಅಪ್ಪನನ್ನು ಫೋರ್ಟ್ ವೇನ್‌ಗೆ ಕರೆದುಕೊಂಡು ಹೋದ. ಅಲ್ಲಿ ಮನೆಯ ಹತ್ತಿರವೇ ಕೇಂದ್ರವಿದೆಯಂತೆ. ಹೊರಡುವ ದಿನ ಕ್ಯಾಜ್ ತೋಳಿನ ಹತ್ತಿಯನ್ನು ಒತ್ತಿಕೊಂಡು ಅವಳ ಕುರ್ಚಿಯ ಮುಂದೆ ನಿಂತ. "ಅಲ್ಲಿ ಎಲ್ಲರೂ ಡೆಟ್ರಾಯಿಟ್ ತಂಡದ ಕಡೆಯವರಂತೆ, ದೇವರೇ ಕಾಪಾಡ್ಬೇಕು," ಎಂದ. ಮಗ ಹೊರಗೆ ಕಾರಿನ ಹಾರ್ನ್ ಒತ್ತುತ್ತಿದ್ದ. ಕ್ಯಾಜ್ ಈಗಲೂ ಕೆಲವು ಮಂಗಳವಾರ ಫೋನು ಮಾಡುತ್ತಾನೆ. ಕೆಲವು ಮಂಗಳವಾರ ಮಾಡುವುದಿಲ್ಲ.

ವರ್ಲೀನ್ ಹೋಗುವುದನ್ನು ಬಿಟ್ಟಿಲ್ಲ. ಬಿಡುವುದಿಲ್ಲವೆಂದು ಯಾರಿಗೂ ಮಾತು ಕೊಟ್ಟೂ ಇಲ್ಲ. ಕ್ಯಾಜ್ ಬಿಟ್ಟುಹೋದ ಕುರ್ಚಿಗೆ ಈಗ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಒಬ್ಬ ತೆಳ್ಳನೆಯ ಹೆಂಗಸು ಬಂದಿದ್ದಾಳೆ. ಮೊದಲ ದಿನ ಸೂಜಿ ನೋಡಿ ಕಣ್ಣೀರು ಹಾಕಿದಳು.

"ಬ್ಯಾಸ್ಕೆಟ್‌ಬಾಲ್ ನೋಡ್ತೀರಾ?" ವರ್ಲೀನ್ ಕೇಳಿದಳು.

"ಇಲ್ಲಮ್ಮ. ನಮ್ಮನೇಲಿ ಬರೀ ಬೇಸ್‌ಬಾಲ್."

ವರ್ಲೀನ್ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಲ್ಲೇ, "ಸರಿ, ಅದರಲ್ಲಿ ನಿಮ್ಮ ತಂಡಕ್ಕೆ ಏನು ಕೊರತೆ, ಹೇಳಿ," ಎಂದಳು.