ಹುಲ್ಲುಕಡ್ಡಿ ಕಚ್ಚಿದ ಹಾಡುಗಾರ

ಶಿರಾಲಿಯಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಲಂಡನ್ ಅಜ್ಜಿ’ ಎನ್ನುತ್ತಾರೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ನನ್ನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತು. ನಾನು ಲಂಡನ್ನಿನಲ್ಲಿ ಹನ್ನೊಂದು ವರ್ಷ ಇದ್ದದ್ದನ್ನು ಊರು ಒಪ್ಪುತ್ತದೆ. ಅಲ್ಲಿ ರಾಕ್ ಸಂಗೀತದವರ ಪ್ಯಾಂಟು ಹೊಲಿದುಕೊಟ್ಟೆ ಎಂದರೆ ಮಾತ್ರ ಒಬ್ಬರೂ ನಂಬುವುದಿಲ್ಲ. ತೋರಿಸಲು ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಮೀನು ಮಾರಲು ಬರುವವಳು ಸಹ ‘ಹೌದಾ ಅಮ್ಮ’ ಎಂದು ಬುಟ್ಟಿಯೊಳಗೆ ಮುಖ ಹುದುಗಿಸಿ ನಗುತ್ತಾಳೆ.

ಊರು ನಂಬದಿದ್ದರೆ ಬಿಡಲಿ. ನನ್ನ ಮಗನ ಮಗಳು ನಂಬಿದರೆ ನನಗೆ ಸಾಕಿತ್ತು. ಅವಳು ಕುಮಟಾದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಮೂವರು ಗೆಳತಿಯರ ಜೊತೆ ಸೇರಿ ಬ್ಯಾಂಡ್ ಕಟ್ಟಿಕೊಂಡು ಗಿಟಾರ್ ಬಾರಿಸುತ್ತಾಳೆ. ಗಿಟಾರು ಎಂದರೆ ಏನೆಂದು ನಮ್ಮ ಮನೆಯಲ್ಲಿ ಅವಳನ್ನು ಬಿಟ್ಟರೆ ನನಗೇ ಗೊತ್ತಿರುವುದು. ಆದ್ದರಿಂದ ಅವಳ ಮೇಲೆ ನನಗೆ ಸ್ವಲ್ಪ ಜಾಸ್ತಿ ಹಕ್ಕು ಇದೆ ಎಂದು ನಾನು ಅಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಅವಳ ಬ್ಯಾಂಡಿನ ಮೊದಲ ಕಾರ್ಯಕ್ರಮ ಹೊನ್ನಾವರದ ಒಂದು ಹಾಲ್‌ನಲ್ಲಿ ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಶನಿವಾರ ಅವಳು ಕಾರ್ಯಕ್ರಮಕ್ಕೆ ಹಾಕಿಕೊಳ್ಳುವ ಜೀನ್ಸ್ ಪ್ಯಾಂಟನ್ನು ಒಗೆದು ಅಂಗಳದ ತಂತಿಯ ಮೇಲೆ ಹಾಕಿದ್ದಳು. ನೋಡುತ್ತೇನೆ, ಎರಡೂ ಮೊಣಕಾಲಿನ ಹತ್ತಿರ ಹರಿದು ದಾರ ಜೋತಾಡುತ್ತಿದೆ. ಪಾಪ, ಮಗು ಗಡಿಬಿಡಿಯಲ್ಲಿ ನೋಡಿಲ್ಲ ಎಂದುಕೊಂಡೆ. ಮಷಿನ್ನಿನ ಮುಸುಕು ತೆಗೆದೆ, ಹೊಂದುವ ನೀಲಿ ದಾರ ಹುಡುಕಿದೆ, ಒಳಗಿನಿಂದ ತೇಪೆ ಕೊಟ್ಟು ಹರಿದದ್ದೇ ಗೊತ್ತಾಗದ ಹಾಗೆ ಹೊಲಿದೆ. ಇಸ್ತ್ರಿ ಕೂಡ ಮಾಡಿದೆ. ಅಷ್ಟು ಚೆಂದದ ಹೊಲಿಗೆ ನನ್ನ ಕೈಯಿಂದ ಬರದೆ ಬಹಳ ವರ್ಷ ಆಗಿತ್ತು.

ಅವಳು ಬಂದು ನೋಡಿ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ನಿಂತಿತು.

“ಎಂತ ಮಾಡಿಟ್ಟೆ ಅಜ್ಜಿ ಇದು? ಅದು ಹರ್ದೇ ಇರೂದು! ಹರ್ದದ್ದಕ್ಕೇ ಅಷ್ಟು ರೇಟು!”

“ಹರ್ದ ಬಟ್ಟೆ ಹಾಕ್ಕಂಡು ಸ್ಟೇಜ್ ಹತ್ತೂದಾ?”

“ರಾಕ್‌ನವರ ಪ್ಯಾಂಟ್ ಹೊಲ್ದೆ, ಪ್ಯಾಂಟ್ ಹೊಲ್ದೆ ಅಂತ ದಿನಾ ಹೇಳ್ತಿಯಲ್ಲ. ಇಷ್ಟೂ ಗೊತ್ತಿಲ್ವಾ ನಿಂಗೆ? ನೀ ಹೇಳೂದೆಲ್ಲ ಬರೀ ಸುಳ್ಳು.”

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಜಾಡಿಸಿಬಿಡುತ್ತಿದ್ದೆ. ಅವಳು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬ್ಲೇಡು ಹಿಡಿದು ನನ್ನ ಹೊಲಿಗೆಯನ್ನು ನಾನೇ ಬಿಚ್ಚಲು ಕೂತೆ. ಕಣ್ಣಿನಲ್ಲಿ ನೀರಿದ್ದರೆ ಬ್ಲೇಡು ಎಲ್ಲಿ ಹೋಗುತ್ತದೆ ಎಂದು ಸರಿಯಾಗಿ ಕಾಣುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅವಳಿಗೆ ಹೇಳಿ ಹೇಳಿ ಸಾಕಾದ ಕಥೆಯನ್ನು ನಿಮಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಐವತ್ತು ವರ್ಷದ ಹಿಂದಿನ ಮಾತು. ನನ್ನ ಗಂಡ ಹಡಗಿನಲ್ಲಿ ಅಡುಗೆಗೆಂದು ಹೋದವರು ಲಂಡನ್ನಿನಲ್ಲಿ ಇಳಿದು ಒಂದು ಹೋಟೆಲಿನ ಅಡುಗೆಮನೆ ಸೇರಿಕೊಂಡಿದ್ದರು. ಆಮೇಲೆ ನನ್ನನ್ನೂ ಕರೆಸಿಕೊಂಡರು. ನನಗೆ ಬರುತ್ತಿದ್ದದ್ದು ಹೊಲಿಗೆ ಒಂದೇ, ಕುಮಟಾದ ಟೇಲರಿಂಗ್ ಕ್ಲಾಸಿನಲ್ಲಿ ಕಲಿತದ್ದು. ಒಬ್ಬ ಮುದುಕಿಯ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಅದರ ಹಿಂಬಾಗಿಲು ತೆರೆದರೆ ಎದುರಿಗೇ ಒಂದು ಸಂಗೀತದ ಹಾಲ್‌ನ ಹಿಂಬಾಗಿಲು. ಉದ್ದ ಕೂದಲಿನ, ಬಡಕಲು ಮೈಯ ಹುಡುಗರು ಸ್ಟೇಜಿನ ಮೇಲೆ ಕುಪ್ಪಳಿಸುವುದು, ಪ್ಯಾಂಟು ಹರಿದುಕೊಳ್ಳುವುದು, ನಮ್ಮ ಅಂಗಡಿಗೆ ಓಡಿ ಬರುವುದು. ಅವರ ಸಂಗೀತ ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಆದರೆ ಹುಡುಗರು ಒಳ್ಳೆಯವರು, ಎರಡು ಸಲ ಥ್ಯಾಂಕ್ಯೂ ಹೇಳುತ್ತಿದ್ದರು.

ಒಂದು ಸಂಜೆ ಅವರಲ್ಲಿ ಮುಖ್ಯ ಹಾಡುಗಾರ ನಮ್ಮ ಅಂಗಡಿಗೆ ಓಡಿ ಬಂದ. ಚರ್ಮದ ಪ್ಯಾಂಟು ಹಿಂದುಗಡೆ ನಟ್ಟನಡುವೆ ಬಿರಿದಿತ್ತು. ಅದು ಅವನ ಮೈಗೆ ಎಷ್ಟು ಅಂಟಿತ್ತೆಂದರೆ ಪೌಡರು ಹಾಕಿ ಇಬ್ಬರು ಎಳೆದು ಹಾಕಿದ್ದಂತೆ. ಬಿಚ್ಚಿದರೆ ಮತ್ತೆ ಹಾಕುವಷ್ಟು ಹೊತ್ತಿಲ್ಲ. ಮೈಮೇಲೇ ಹೊಲಿ ಎಂದಳು ಮುದುಕಿ.

ನನಗೆ ಕೈ ಬರಲಿಲ್ಲ. ಮುಟ್ಟಳ್ಳಿಯ ನನ್ನ ಅಜ್ಜಿ ಎಂದೂ ಮೈಮೇಲಿದ್ದ ಬಟ್ಟೆಗೆ ಸೂಜಿ ಹಾಕಲು ಬಿಟ್ಟವಳಲ್ಲ. ಸತ್ತವರಿಗೆ ಮಾತ್ರ ಹಾಗೆ ಹೊಲಿಯುವುದು ಎನ್ನುತ್ತಿದ್ದಳು. ಹೊಲಿಯಲೇಬೇಕಾದರೆ ಬಟ್ಟೆ ತೊಟ್ಟವರು ಹಲ್ಲಿನಲ್ಲಿ ಒಂದು ಹುಲ್ಲುಕಡ್ಡಿ ಕಚ್ಚಿಕೊಳ್ಳಬೇಕು, ದಾರ ಕಡಿಯುವವರೆಗೆ ಬಿಡಬಾರದು. ಆಗ ಯಮನಿಗೆ ಇದು ಹುಲ್ಲು ತಿನ್ನುವ ದನ, ಮನುಷ್ಯನಲ್ಲ ಅನ್ನಿಸುತ್ತದಂತೆ. ಯಮ ಅಷ್ಟು ದಡ್ಡನೇ ಎಂದು ಕೇಳಿ ನಾನು ಸಣ್ಣವಳಿದ್ದಾಗ ಒಂದು ಏಟು ತಿಂದಿದ್ದೆ.

ಹಾಲ್‌ನ ಬಾಗಿಲಲ್ಲಿ ಬಾಟಲಿ ತುಂಬಿ ಬಂದ ಪೆಟ್ಟಿಗೆಗಳಿದ್ದವು. ಬಾಟಲಿ ಒಡೆಯಬಾರದೆಂದು ನಡುವೆ ಒಣಹುಲ್ಲು ತುರುಕಿದ್ದರು. ಓಡಿ ಹೋಗಿ ಒಂದು ಕಡ್ಡಿ ಕಿತ್ತು ತಂದು ಅವನ ಬಾಯಿಗೆ ಕೊಟ್ಟೆ. ಯಾಕೆಂದು ಕೇಳಿದ. ನನ್ನ ಆಗಿನ ಇಂಗ್ಲಿಷಿನಲ್ಲಿ ಯಮ, ದನ ಎಲ್ಲ ವಿವರಿಸುವುದು ಹೇಗೆ? ‘ನೀನು ಸಾಯದೇ ಇರಲಿಕ್ಕೆ’ ಎಂದಷ್ಟೇ ಹೇಳಿದೆ. ಅವನ ಮುಖ ಬಿಳಿ ಇದ್ದದ್ದು ಇನ್ನೂ ಬಿಳಿಯಾಯಿತು. ಗಟ್ಟಿಯಾಗಿ ಕಚ್ಚಿಕೊಂಡು ಅಲ್ಲಾಡದೆ ನಿಂತ. ನಾನು ಮೊಣಕಾಲೂರಿ, ದೇವರೇ ಎಂಥ ಜಾಗ ತೋರಿಸಿದೆಯಪ್ಪಾ ಎಂದು ಬೈದುಕೊಳ್ಳುತ್ತಾ ಹೊಲಿದೆ.

ದಾರ ಕಡಿಯುವುದಕ್ಕೂ ಅವನ ಕಡೆಯವರು ಅವನನ್ನು ಎಳೆದುಕೊಂಡು ಓಡುವುದಕ್ಕೂ ಸರಿಹೋಯಿತು. ಕಡ್ಡಿ ಉಗುಳಲು ಅವನಿಗೆ ಪುರುಸೊತ್ತಾಗಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದೆ. ದೀಪದ ಬೆಳಕಿನಲ್ಲಿ ಅವನು ತುಟಿಯ ತುದಿಯಲ್ಲಿ ಹುಲ್ಲುಕಡ್ಡಿ ಇಟ್ಟುಕೊಂಡು ಗಿಟಾರ್ ಬಾರಿಸುತ್ತಿದ್ದ. ಎದುರಿಗಿದ್ದ ಹುಡುಗಿಯರು ಕಿರುಚುತ್ತಿದ್ದರು. ಅದೇನೋ ಹೊಸ ಸ್ಟೈಲು ಎಂದು ಅವರು ತಿಳಿದರು. ಮುಂದಿನ ವಾರ ಹಾಲ್‌ನ ಹೊರಗೆ ಸಾಲು ನಿಂತವರಲ್ಲಿ ಅರ್ಧ ಜನರ ಬಾಯಲ್ಲಿ ಹುಲ್ಲು. ಕೊಟ್ಟಿಗೆಯ ಮುಂದೆ ನಿಂತ ಹಾಗೆ ಅನ್ನಿಸಿ ನಾನು ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಲ್ಲಿಂದ ಮುಂದೆ ಆ ಹುಡುಗ ಪ್ಯಾಂಟು ಹರಿಯಲಿ ಬಿಡಲಿ, ಸ್ಟೇಜ್ ಹತ್ತುವ ಮೊದಲು ನನ್ನ ಹತ್ತಿರ ಬಂದು ಬಾಯಿ ತೆರೆದು ನಿಲ್ಲುತ್ತಿದ್ದ. ನನ್ನ ಕೈಯಿಂದಲೇ ಕಡ್ಡಿ ಆಗಬೇಕು. ಅಷ್ಟು ದೊಡ್ಡ ಹಾಡುಗಾರನಿಗೂ ಸ್ಟೇಜ್ ಎಂದರೆ ಹೆದರಿಕೆ ಇತ್ತು, ಅದು ನನಗೆ ಮಾತ್ರ ಗೊತ್ತಿತ್ತು. ನಿನ್ನನ್ನು ಇಟ್ಟುಕೊಂಡದ್ದು ಹೊಲಿಯಲಿಕ್ಕೋ ದನ ಮೇಯಿಸಲಿಕ್ಕೋ ಎಂದು ಮುದುಕಿ ಕೇಳಿದ್ದಳು.

ಇರಲಿ. ಭಾನುವಾರಕ್ಕೆ ಬರುತ್ತೇನೆ.

ಜಗಳ ಬೇರೆ, ಪ್ರೋಗ್ರಾಂ ಬೇರೆ ಎಂದು ನಾನೂ ಅವಳ ಜೊತೆ ಹೊನ್ನಾವರದ ಬಸ್ಸು ಹತ್ತಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು, ನಾನು ಕಂಡಕ್ಟರನ ಕಡೆ. ಇಡಗುಂಜಿ ಕ್ರಾಸ್ ಬಂದಾಗ ಇಬ್ಬರೂ ಗಣಪತಿಗೆ ಕೈಮುಗಿದೆವು, ಬೇರೆ ಬೇರೆಯಾಗಿ. ನಾನು ಏನು ಬೇಡಿಕೊಂಡೆ ಎಂದರೆ, ಅವಳ ಕಾರ್ಯಕ್ರಮ ಚೆನ್ನಾಗಿ ಆಗಲಿ, ಆಮೇಲೆ ಅವಳು ಆ ‘ಸುಳ್ಳು’ ಎಂಬ ಮಾತನ್ನು ವಾಪಸು ತೆಗೆದುಕೊಳ್ಳಲಿ. ಎರಡನ್ನೂ ಒಟ್ಟಿಗೇ ಕೇಳಿದೆ, ಗಣಪತಿ ಏನೂ ಅಂದುಕೊಳ್ಳುವುದಿಲ್ಲ.

ಮೂರು ಗಂಟೆಗೆ ಹತ್ತು ನಿಮಿಷ ಇತ್ತು. ಹಾಲ್‌ನ ಹಿಂದಿನ ಮೆಟ್ಟಿಲ ಹತ್ತಿರ ಅವಳು ಯಾವುದೋ ವೈರು ಎತ್ತಲು ಬಗ್ಗಿದಳು. ಪರ್ ಎಂದಿತು. ನನ್ನ ಬ್ಲೇಡು ಹಿಂದಿನ ದಿನ ಎಲ್ಲಿ ಹೋಗಿತ್ತೆಂದು ಆಗ ಗೊತ್ತಾಯಿತು. ಮೊಣಕಾಲಿನ ತೂತು ತೊಡೆಯ ಮೇಲಿನವರೆಗೆ ಬಾಯಿ ಬಿಟ್ಟುಕೊಂಡಿತು. ಬಟ್ಟೆ ಬದಲಿಸುವ ಕೋಣೆಗೆ ಬೀಗ, ಕೀಲಿ ಇಟ್ಟುಕೊಂಡವನು ಚಾ ಕುಡಿಯಲು ಹೋಗಿದ್ದ. ಅವಳ ಮುಖ ನೋಡಿದೆ. ಐವತ್ತು ವರ್ಷದ ಹಿಂದೆ ನೋಡಿದ ಅದೇ ಬಿಳಿ ಮುಖ.

“ಅಜ್ಜಿ, ನಂಗೆ ಆಗೂದಿಲ್ಲ. ಮನೆಗೆ ಹೋಗ್ವಾ.”

“ಕೂತ್ಕೋ,” ಎಂದೆ.

ನನ್ನ ಪರ್ಸಿನಲ್ಲಿ ಸೂಜಿ ಇಲ್ಲದ ದಿನ ಇಲ್ಲ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕನ್ನಡಕ ಏರಿಸಿ, ದಾರ ಪೋಣಿಸಿದೆ. ಹುಲ್ಲಿನ ಮಾತನ್ನು ನಾನು ಎತ್ತಲಿಲ್ಲ. ಸುಳ್ಳು ಹೇಳುವವಳು ಎಂದು ಕರೆಸಿಕೊಂಡ ಮೇಲೆ ನನಗೂ ಸ್ವಲ್ಪ ಸಿಟ್ಟು ಬೇಡವೇ? ಮನಸ್ಸಿನಲ್ಲೇ ಅಜ್ಜಿಯ ಕ್ಷಮೆ ಕೇಳಿ ಸೂಜಿ ಚುಚ್ಚಲು ಹೋದೆ.

“ಒಂದ್ನಿಮಿಷ ಅಜ್ಜಿ,” ಎಂದಳು.

ಮೆಟ್ಟಿಲ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಅವಳು ಬಗ್ಗಿ ಒಂದು ಕಡ್ಡಿ ಕಿತ್ತು ತನ್ನ ಟೀ ಶರ್ಟಿಗೆ ಒರೆಸಿದಳು. ಹಲ್ಲಿನ ನಡುವೆ ಕಚ್ಚಿಕೊಂಡು ಕಾಲು ಚಾಚಿ, ಹೂಂ, ಹೊಲಿ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು.

ನಾನು ಅತ್ತೆ. ಮುಚ್ಚಿಡುವುದೇನಿದೆ? ಕಣ್ಣೀರಿನಲ್ಲಿ ಕಾಣಿಸದೆ ನನ್ನ ಬೆರಳಿಗೇ ಎರಡು ಸಲ ಚುಚ್ಚಿಕೊಂಡೆ. ಸೊಟ್ಟಪಟ್ಟ ಹೊಲಿಗೆ, ಲಂಡನ್ನಿನ ಮುದುಕಿ ನೋಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದಳು. ದಾರ ಕಡಿಯುವಷ್ಟರಲ್ಲಿ ಒಳಗಿನಿಂದ ಕರೆದರು. ಅವಳು ಎದ್ದು ಗಿಟಾರ್ ಹೆಗಲಿಗೆ ಹಾಕಿಕೊಂಡಳು, ಕಡ್ಡಿ ಉಗುಳಲಿಲ್ಲ. ಬಾಗಿಲಲ್ಲಿ ಡ್ರಮ್ ಬಾರಿಸುವ ಹುಡುಗಿ ತಡೆದು ಕೇಳಿದಳು.

“ಎಂತದೇ ಅದು ಬಾಯಲ್ಲಿ?”

“ರಾಕ್‌ನವ್ರೆಲ್ಲ ಕಚ್ಚೂದು,” ಎಂದಳು ನನ್ನ ಮೊಮ್ಮಗಳು. “ನಮ್ಮಜ್ಜಿ ಲಂಡನ್ನಲ್ಲಿ ಕಲ್ಸಿದ್ದು.”