ಬಾವಿಯ ಬಾಯಿ ಮುಚ್ಚಿದ ಐದು ದಿನ

ನನ್ನ ಅಣ್ಣ ಜಡೆಪ್ಪ ಬಹಳ ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನಾನು ಅಷ್ಟು ಒಳ್ಳೆಯವಳಲ್ಲ. ಇದನ್ನು ಹೊಟ್ಟೆ ತಣ್ಣಗಾದ ಖುಷಿಯಲ್ಲೇ ಬರೆಯುತ್ತಿದ್ದೇನೆ.

ನಾವು ಕುರುಗೋಡಿನವರು. ಅಣ್ಣ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತಕ್ಕೆ ಆವಿ ಕೊಡುವ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನ ಮೇಲೆ ಮೇಸ್ತ್ರಿ ಚಿದಾನಂದಪ್ಪ. ಹನ್ನೊಂದು ವರ್ಷದ ಹಿಂದೆ, ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದ್ದಾಗ, ಒತ್ತಡ ಇಳಿಯಬಾರದೆಂದು ಈ ಮಹಾನುಭಾವ ಹೆಚ್ಚಾದ ಆವಿಯನ್ನು ಹೊರಬಿಡುವ ಸೇಫ್ಟಿ ವಾಲ್ವಿಗೆ ಕಬ್ಬಿಣದ ತುಂಡು ತೂಗುಹಾಕಿದ. ಅಣ್ಣ ಬೇಡವೆಂದರೂ ಕೇಳಲಿಲ್ಲ. ಪೈಪು ಒಡೆದು ಅಣ್ಣನ ಎಡಗೈ ಮೊಣಕೈವರೆಗೆ ಬೆಂದುಹೋಯಿತು. ಅವನು ಆಸ್ಪತ್ರೆಯಲ್ಲಿ ನರಳುತ್ತಿದ್ದಾಗ ಮೇಸ್ತ್ರಿ ತುಂಡು ಬಿಚ್ಚಿ ಎಸೆದು, ಜಡೆಪ್ಪ ನಿದ್ದೆ ಹೊಡೆಯುತ್ತಿದ್ದ ಎಂದು ಗಿರಣಿ ಸಾಹುಕಾರರ ಕಿವಿಯೂದಿದ. ಅಂದಿನಿಂದ ಅಣ್ಣ ‘ನಿದ್ದಿ ಜಡೆಪ್ಪ’. ಯಾವ ಗಿರಣಿಯೂ ಅವನನ್ನು ಒಳಗೆ ಬಿಡಲಿಲ್ಲ.

ಕೈಯ ಗಾಯ ವಾಸಿಯಾದ ಮೇಲೆ ರಾಜಸ್ಥಾನದ ಮರಳುಗಾಡಿಗೆ, ಎಣ್ಣೆಬಾವಿಗಳ ಕೆಲಸಕ್ಕೆ ಹೋದ. ಅಲ್ಲಿ ನೆಲದಡಿಯ ಕಚ್ಚಾ ತೈಲ ಆರಿದ ಬೆಲ್ಲದ ಪಾಕದಷ್ಟು ಗಟ್ಟಿ. ಎಷ್ಟು ಎಳೆದರೂ ಮೇಲೆ ಬಾರದು. ಮುನ್ನೂರು ಡಿಗ್ರಿ ಕಾವಿನ ಆವಿಯನ್ನು ಬಾವಿಗೆ ವಾರಗಟ್ಟಲೆ ತುಂಬಿ, ಬಾಯಿ ಮುಚ್ಚಿ, ಕೆಲವು ದಿನ ಸುಮ್ಮನೆ ಬಿಡುತ್ತಾರೆ. ಕಾವು ಒಳಗೊಳಗೇ ಹರಡಿ ಎಣ್ಣೆ ತೆಳ್ಳಗಾಗುತ್ತದೆ. ಆಮೇಲೆ ತೆರೆದರೆ ಹರಿದು ಬರುತ್ತದೆ. ಆತುರದವರು ಬೇಗ ತೆರೆದು ಕೆಲಸ ಕೆಡಿಸುತ್ತಾರಂತೆ. ಅಣ್ಣ ಕಾಯುವುದನ್ನು ಕಲಿತ, ಆವಿ ವಿಭಾಗಕ್ಕೇ ಮುಖ್ಯಸ್ಥನಾದ.

ಕಳೆದ ವರ್ಷ ಬಾಯ್ಲರ್ ಕೆಲಸ ಬಲ್ಲ ನಾಲ್ವರನ್ನು ಆರಿಸಲು ಬಳ್ಳಾರಿಗೆ ಬಂದು, ಕೌಲ್ ಬಜಾರಿನ ನನ್ನ ಮನೆಯಲ್ಲಿ ಉಳಿದ. ಎರಡನೇ ದಿನ ಬಾಗಿಲಲ್ಲಿ ಚಿದಾನಂದಪ್ಪ! ಗಿರಣಿ ಮುಚ್ಚಿ ಕೆಲಸ ಹೋಗಿತ್ತು. ‘ಲೇ’ ಎನ್ನುತ್ತಿದ್ದ ಬಾಯಲ್ಲಿ ಈಗ ‘ರೀ’. ನಾನು ಪೊರಕೆ ಹುಡುಕುತ್ತಿದ್ದೆ. ಅಣ್ಣ ಮಾತ್ರ ಹಾಳೆ, ಪೆನ್ನು ಮುಂದಿಟ್ಟ.

“ಅವತ್ತು ಪೈಪ್ ಯಾಕ ಒಡೀತು, ಬರದು ಕೊಡ್ರಿ ಮೇಸ್ತ್ರಿ.”

ಮೇಸ್ತ್ರಿ ಮತ್ತೆ ಅದೇ ನಿದ್ದೆಯ ಕಥೆ ಶುರುಮಾಡಿದ. ಅಣ್ಣ ಬೈಯಲಿಲ್ಲ, ಹೋಗೆನ್ನಲೂ ಇಲ್ಲ. ಅಂಗಿಯ ತೋಳು ಮಡಚಿ ಬೆಂದ ಕೈಯನ್ನು ಮೇಜಿನ ಮೇಲಿಟ್ಟ, ಹಾಳೆ, ಪೆನ್ನನ್ನು ಅಲ್ಲೇ ಬಿಟ್ಟ. ಐದು ದಿನ ಚಿದಾನಂದಪ್ಪ ನಮ್ಮ ಕಟ್ಟೆಯ ಮೇಲೆ ಕೂತ. ಅವನ ಕಣ್ಣೆದುರೇ ಮೂವರ ಆಯ್ಕೆ ಮುಗಿಯಿತು. ಒಂದು ಲೋಟ ನೀರನ್ನೂ ನಾನು ಕೊಡಲಿಲ್ಲ, ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಆರನೇ ದಿನ ತಾನಾಗಿಯೇ ಒಳಗೆ ಬಂದು ಪೆನ್ನು ತೆಗೆದುಕೊಂಡ. ವಾಲ್ವಿಗೆ ತುಂಡು ಕಟ್ಟಿದ್ದು ತಾನು, ಜಡೆಪ್ಪ ಎಚ್ಚರವಿದ್ದ, ಬೇಡವೆಂದೂ ಹೇಳಿದ್ದ ಎಂದು ಬರೆದು ಸಹಿ ಹಾಕಿದ. ಅಣ್ಣ ಎರಡು ಸಲ ಓದಿ, ಹಾಳೆಯನ್ನು ನನ್ನ ಕೈಗಿತ್ತು, ಕೆಲಸ ಇಲ್ಲವೆಂದ.

“ಖರೇನ ಬರದೀನಲ್ರೀ ಜಡೆಪ್ಪ,” ಎಂದ ಮೇಸ್ತ್ರಿ.

“ಅದಕ್ಕ ಬ್ಯಾಡ ಅಂದೆ. ವಾಲ್ವಿಗೆ ತೂಕ ಕಟ್ಟಿದಾವ್ನ ಬಾವಿ ಹತ್ರ ಬಿಡಂಗಿಲ್ಲ, ಅದು ನಮ್ಮ ರೂಲ್ಸು. ನೀವು ಸುಳ್ಳ ಬರದು ಕೊಟ್ಟಿದ್ರ ನನ್ನ ಹತ್ರ ಸಾಕ್ಷಿ ಇರ್ತಿರಲಿಲ್ಲ, ಕರಕೊಂಡು ಹೋಗಬೇಕಾಗ್ತಿತ್ತು.”

ಮರುದಿನ ನಾನು ಆ ಹಾಳೆಯ ಜೆರಾಕ್ಸ್ ಮಾಡಿಸಿ ಸಿರುಗುಪ್ಪದ ಬಸ್ಸು ಹತ್ತಿದೆ. ಒಂದು ಗಿರಣಿಯನ್ನೂ ಬಿಡದೆ ಗೇಟಿಗೆ ಹೋಗಿ ಹಂಚಿದೆ. ಓದಲು ಬಾರದವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದೆ.